ಟಿಪ್ಪುವಿನ ಶಯನಾಗಾರದ ಖಡ್ಗ: ಒಡೆತನದ ಪ್ರಶ್ನೆ

ನೆರೆಯ ದೇವನಹಳ್ಳಿಯು ಟಿಪ್ಪುಸುಲ್ತಾನನ ಜನ್ಮಸ್ಥಳವಾದುದರಿಂದ, ಬಾಶೆಟ್ಟಿಹಳ್ಳಿಯ ಸುತ್ತಣ ವಿದ್ಯಾರ್ಥಿಗಳಿಗೆ ಆತನ ಖಡ್ಗದ ಚರ್ಚೆಯು ದೂರದ್ದಲ್ಲ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಸಂಸ್ಥೆಯು ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಹರಾಜು ಮಾಡಿದ ಖಡ್ಗವು ಆತನದೇ ಎನ್ನಲು ಆಧಾರವೇನು?

ಅಲಗಿನ ಮೇಲೆ ಸುವರ್ಣಾಕ್ಷರಗಳಲ್ಲಿರುವ ‘ಶಂಶೀರ್-ಎ-ಮಲಿಕ್’ ಎಂಬುದಕ್ಕೆ ‘ಅರಸನ ಖಡ್ಗ’ವೆಂದಷ್ಟೇ ಅರ್ಥ. ಇದು ಪದವಿಯ ಮಾತೇ ಹೊರತು ಅಂಕಿತನಾಮವಲ್ಲ. ಟಿಪ್ಪುವಿನ ಹೆಸರು ಕಾಣುವುದು ಇಂಗ್ಲಿಷಿನ ಅರ್ಪಣ ಲೇಖದಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹತ್ತಿದ ದಳವನ್ನು ನಡೆಸಿದ ಮೇಜರ್ ಜನರಲ್ ಡೇವಿಡ್ ಬೇರ್ಡನಿಗೆ ಸೈನ್ಯದ ಪರವಾಗಿ ಇದನ್ನು ಒಪ್ಪಿಸಲಾಯಿತು. (1780ರ ಪೊಲ್ಲಿಲೂರು ಯುದ್ಧದಲ್ಲಿ ಸೆರೆಸಿಕ್ಕ ಬೇರ್ಡನು 1784ರವರೆಗೆ ಇದೇ ಪಟ್ಟಣದಲ್ಲಿ ಬಂದಿಯಾಗಿದ್ದನೆಂಬುದು ವಿಧಿಯ ವಿನೋದ.)

ಗೆದ್ದವರ ಸಾಕ್ಷ್ಯವೆಂಬ ಒಂದೇ ಕಾರಣದಿಂದ ಈ ಲೇಖವನ್ನು ತಳ್ಳಿಹಾಕುವುದು ಸಾಧುವಲ್ಲ. ಅದು ಘಟನೆಯನ್ನು ಕಂಡವರ ಮಾತು. ಆದರೆ ಅದು ಹೇಳುವುದು ಖಡ್ಗವು ದೊರೆತ ಎಡೆಯನ್ನು, ಅದನ್ನು ಮಾಡಿಸಿದವನನ್ನಲ್ಲ. ಹೈದರನ ಹೆಸರಿನ ಮೊದಲಕ್ಷರವುಳ್ಳ ಆಯುಧಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು: ಆ ಮುದ್ರೆಯು ರಾಜ್ಯದ ಆಯುಧಶಾಲೆಯನ್ನು ಸೂಚಿಸೀತು, ಸುಲ್ತಾನನ ಕೈಯನ್ನಲ್ಲ. ಆದಕಾರಣ ಇದನ್ನು ‘ಟಿಪ್ಪುವಿನ ಶಯನಾಗಾರದಲ್ಲಿ ದೊರೆತ ಖಡ್ಗ’ವೆಂದು ಕರೆಯುವುದನ್ನು ನಾವು ಒಪ್ಪುತ್ತೇವೆ, ‘ಟಿಪ್ಪುವಿಗಾಗಿಯೇ ಮಾಡಿದ ಖಡ್ಗ’ವೆಂಬುದನ್ನು ಈ ಎರಡು ಬರಹಗಳ ಬಲದಿಂದ ಒಪ್ಪಲಾರೆವು.