ದಖನಿ ಮಗುವಿನ ಉಚ್ಚಾರಣೆ: ದೋಷ ಯಾವುದು, ಮನೆಮಾತು ಯಾವುದು?

ಉರ್ದು ಮನೆಮಾತಿನ ದ್ವಿಭಾಷಿಕ ಮಕ್ಕಳ ಉಚ್ಚಾರಣಾ ದೋಷವನ್ನು ಪರೀಕ್ಷೆಯ ಅಂಕದಿಂದಲೇ ಗುರುತಿಸಬಹುದು ಎಂಬ ಮಾತು ಈಗಷ್ಟೇ ಬಂತು. ನನ್ನ ತಕರಾರು ಅಲ್ಲೇ ಇದೆ. ನಾನು ಆದೋನಿ ಕಡೆಯವನು. ಮನೆಯೊಳಗೆ ದಖನಿ, ಪಕ್ಕದ ಮನೆಯವರ ಜೊತೆ ಕನ್ನಡ, ಶಾಲೆಯಲ್ಲಿ ತೆಲುಗು ಆಡುವ ಮಕ್ಕಳು ನಮ್ಮ ಓಣಿಗೆ ಹೊಸಬರೇನಲ್ಲ.

ತರಬೇತಿಯ ದಿನಗಳಲ್ಲಿ ನೋಡಿದ ಆರು ವರ್ಷದ ಒಬ್ಬ ಹುಡುಗನ ವಿಷಯ ಹೇಳ್ತೀನಿ. ಪೆನ್ನಿನ ಚಿತ್ರಕ್ಕೆ ಅವನು 'ಖಲಮ್' ಅಂದ. ಪುಸ್ತಕದ ಉರ್ದುವಿನಲ್ಲಿ ಆ ಪದದ ಮೊದಲ ಧ್ವನಿ ಕಿರುನಾಲಿಗೆಯ ಹತ್ತಿರ ತಡೆದು ಬಿಡುವ ಸ್ಪರ್ಶ. ಇವನದು ಉಜ್ಜಿಕೊಂಡು ಬರುವ ಘರ್ಷ. ಮಾತಿನ ನಡುವೆ 'ದೇಖ್' ಹೋಗಿ 'ದೇಕ್', 'ಭೀ' ಹೋಗಿ 'ಬೀ'. ಮೂರಕ್ಕೂ ತಪ್ಪಿನ ಗುರುತು ಬಿತ್ತು. ಈ ಮೂರೂ ದಖನಿಯ ಸಹಜ ಚಹರೆಗಳು, ಮಗುವಿನ ದೋಷವಲ್ಲ. ಅದೇ ಚಿತ್ರವನ್ನು ಅವನ ಅಜ್ಜಿಗೆ ತೋರಿಸಿದೆ. "ಖಲಮ್ ನಾ ಬೇಟಾ, ಇನ್ನೇನು?" ಅಂದರು. ಅಜ್ಜಿಗೂ ಥೆರಪಿ ಕೊಡೋಣವೇ?

ಹಾಗಂತ ಕನ್ನಡದ ಪರೀಕ್ಷೆ ಹಚ್ಚಿದರೂ ಸರಿಹೋಗದು. ಕನ್ನಡ ಪದಗಳಲ್ಲಿ ಮಗುವಿನ ಉರ್ದು ಘರ್ಷಗಳನ್ನು ಕೇಳುವ ಅವಕಾಶವೇ ಕಡಿಮೆ. ಉರ್ದು ಪದಗಳಲ್ಲಿ 'ಳ' ಸಿಗುವುದಿಲ್ಲ. ಅರ್ಧ ಬಾಯಿ ನೋಡಿ ಇಡೀ ಬಾಯಿಗೆ ತೀರ್ಪು ಕೊಟ್ಟಂತಾಗುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇದರ ತಿರುಗುಮುರುಗು. ಐದು ದಾಟಿದ ಹುಡುಗಿಯೊಬ್ಬಳು 'ಕಿತಾಬ್'ಗೆ 'ತಿತಾಬ್', ಕನ್ನಡದ 'ಕಾಗೆ'ಗೆ 'ತಾದೆ', ತೆಲುಗಿನ 'ಕೋಡಿ'ಗೆ 'ತೋಡಿ' ಅನ್ನುತ್ತಿದ್ದಳು. "ಉರ್ದು ಮಕ್ಕಳ ಮಾತು ಹಂಗೇ ಇರ್ತದ, ಬಿಡ್ರಿ" ಅಂತ ಶಾಲೆಯವರು ಒಂದು ವರ್ಷ ತಳ್ಳಿದರು. ನಾಲಿಗೆಯ ಹಿಂಬದಿಯಲ್ಲಿ ಹುಟ್ಟಬೇಕಾದ ಧ್ವನಿ ಮೂರು ಭಾಷೆಯಲ್ಲೂ ಹಲ್ಲಿನ ಹತ್ತಿರ ಬಂದರೆ ಅದು ಯಾವ ಭಾಷೆಯ ಪ್ರಭಾವವೂ ಅಲ್ಲ. ಆಕೆಗೆ ನೆರವು ಬೇಕಿತ್ತು. ಉಪಭಾಷೆಯ ಬಗ್ಗೆ ನಾವು ತೋರುವ ಉದಾರತೆಯೂ ಕೆಲವೊಮ್ಮೆ ಸೋಮಾರಿತನವೇ.

ಮಕ್ಲಿಯಡ್ ಮತ್ತು ಸಂಗಡಿಗರು 2012ರಲ್ಲಿ ತಂದ, ಮಗುವಿನ ಮಾತು ಯಾರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಹೆತ್ತವರನ್ನೇ ಕೇಳುವ 7 ಪ್ರಶ್ನೆಗಳ ಮಾಪಕ ಮೊದಲ ಜರಡಿಯಾಗಿ ಒಳ್ಳೆಯದೇ. ಅಜ್ಜಿಗೇ ಅರ್ಥವಾಗದಿದ್ದರೆ ಎಚ್ಚರವಾಗಬೇಕು. ಆದರೆ ಯಾವ ಧ್ವನಿ ಎಡವುತ್ತಿದೆ ಎಂದು ಅದು ಹೇಳದು. ಅದಕ್ಕೆ ಮಗು ಆಡುವ ಪ್ರತಿ ಭಾಷೆಯಲ್ಲೂ ಪದ ಕೇಳಬೇಕು, ಅದೇ ಪದಗಳನ್ನು ಮನೆಯ ಹಿರಿಯರ ಬಾಯಲ್ಲೂ ರೆಕಾರ್ಡ್ ಮಾಡಬೇಕು. ಹತ್ತು ನಿಮಿಷದ ಕೆಲಸ ನೋಡ್ರಿ. ನಾವು ತುಂಬುವ ಅಂಕಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಕೂಡ ಇಲ್ಲ.