ಮೂಗು ಬೆಳೆದ ಹುಡುಗ

ಮಕ್ಕಳಿಗೆ ಒಳ್ಳೆಯ ಗುಣ ಕಲಿಸಲು ಕಾರ್ಟೂನ್ ಸಿನಿಮಾಕ್ಕಿಂತ ಸುಲಭದ ದಾರಿ ಬೇರೊಂದಿಲ್ಲ ಎಂದು ನಂಬಿದ್ದವಳು ನಾನು. ಶಿಕಾರಿಪುರದಲ್ಲಿ ಐದನೆಯ ತರಗತಿಗೆ ಪಾಠ ಮಾಡುತ್ತಿದ್ದಾಗ ವಾಲ್ಟ್ ಡಿಸ್ನಿಯವರ 'ಪಿನೋಕಿಯೊ' ತೋರಿಸಿದೆ. 1940ರ ಚಿತ್ರ. ಇಂಗ್ಲಿಷ್ ಮಾತನ್ನು ನಡುನಡುವೆ ನಾನೇ ಕನ್ನಡದಲ್ಲಿ ಹೇಳುತ್ತ ಹೋದೆ. ಮರದ ಗೊಂಬೆ ಸುಳ್ಳು ಹೇಳಿದಂತೆಲ್ಲ ಮೂಗು ಉದ್ದವಾಗಿ, ಎಲೆ ಚಿಗುರಿ, ತುದಿಯಲ್ಲೊಂದು ಹಕ್ಕಿಗೂಡೂ ಕಾಣಿಸಿಕೊಂಡಾಗ ತರಗತಿಯೆಲ್ಲ ನಕ್ಕಿತು. ಅಲ್ಲಿಗೇ ನಿಲ್ಲಿಸಿ ಬೋರ್ಡಿನ ಮೇಲೆ 'ಸತ್ಯವಂತಿಕೆ' ಎಂದು ದಪ್ಪಕ್ಷರದಲ್ಲಿ ಬರೆದೆ. ಅವತ್ತು ನನ್ನ ಬಗ್ಗೆ ನನಗೇ ಬಲು ಮೆಚ್ಚುಗೆ!

ಮರುದಿನ ಹುಡುಗಿಯೊಬ್ಬಳು ತಡವಾಗಿ ಬಂದಳು. "ಯಾಕಮ್ಮ?" ಎಂದೆ. "ತಲೆನೋವಿತ್ತು ಟೀಚರ್." ಹಿಂದಿನಿಂದ ಯಾರೋ, "ಅವಳ ಮೂಗು ನೋಡ್ರೋ!" ಎಂದರು. ಮಗು ಎರಡೂ ಕೈಯಲ್ಲಿ ಮೂಗು ಮುಚ್ಚಿಕೊಂಡಿತು. ಆಗ ಕಂಡದ್ದು, ಬೆರಳ ತುಂಬ ಅಡಿಕೆಯ ಕಲೆ. ಕೊಯ್ಲಿನ ಕಾಲ, ರಾತ್ರಿ ತಾಯಿಯ ಜೊತೆ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದಿದ್ದಾಳೆ. ಶಾಲೆಯಲ್ಲಿ ಹೇಳಬೇಡವೆಂದು ತಾಯಿಯೇ ಹೇಳಿ ಕಳಿಸಿದ್ದಳೆಂದು ಆಮೇಲೆ ತಿಳಿಯಿತು.

ಸಂಜೆ ಒಬ್ಬಳೇ ಕೂತು ಆ ಚಿತ್ರವನ್ನು ಪೂರ್ತಿ ನೋಡಿದೆ. ಮೂಗು ಬೆಳೆಯುವುದು ಒಂದೇ ಒಂದು ದೃಶ್ಯದಲ್ಲಿ. ಆಗ ಪಿನೋಕಿಯೊ ಎಲ್ಲಿರುತ್ತಾನೆ ಗೊತ್ತೆ? ಬೊಂಬೆಯಾಟದವನು ಬೀಗ ಹಾಕಿದ ಪಂಜರದಲ್ಲಿ. ಶಾಲೆಗೆ ಯಾಕೆ ಹೋಗಲಿಲ್ಲವೆಂದು ದೇವತೆ ಕೇಳುತ್ತಾಳೆ, ನಾಚಿಕೆಗೆ ಇವನು ಕತೆ ಕಟ್ಟುತ್ತಾನೆ. ಅವಳು ಮನ್ನಿಸಿ ಬಿಡಿಸುತ್ತಾಳೆ. ಪಂಜರವನ್ನೂ ಕ್ಷಮೆಯನ್ನೂ ಬಿಟ್ಟು ಮೂಗನ್ನಷ್ಟೇ ಮಕ್ಕಳ ಕೈಗೆ ಕೊಟ್ಟವಳು ನಾನು. ಇದಕ್ಕೆ ಮೂಲವಾದ ಇಟಲಿಯ ಕಾರ್ಲೊ ಕೊಲ್ಲೊಡಿಯವರ ಪುಸ್ತಕ 1883ರಲ್ಲಿ ಬಂದದ್ದು. ಅದರಲ್ಲಂತೂ ಸುಳ್ಳಿಗೂ ಮೊದಲೇ, ಕೆತ್ತುವಾಗಲೇ ಮೂಗು ಬೆಳೆಯತೊಡಗುತ್ತದೆ.

ನಮ್ಮ ಪುಣ್ಯಕೋಟಿಯ ಕಥೆಯಲ್ಲಿ ಇಂಥ ಮೂಗಿನ ಕಾವಲಿಲ್ಲ. ಮಾತು ಕೊಟ್ಟ ಹಸು ತಾನಾಗಿಯೇ ಹಿಂದಿರುಗುತ್ತದೆ. (ಅದೂ 2020ರಲ್ಲಿ ಸಂಸ್ಕೃತದಲ್ಲಿ ಅನಿಮೇಷನ್ ಚಿತ್ರವಾಗಿ ಬಂದಿದೆ.) ಆದರೆ ಅಲ್ಲಿಯೂ ನಾವು ಟೀಚರುಗಳು 'ಸತ್ಯ' ಎಂದು ಬರೆಸಿ ಪುಟ ತಿರುಗಿಸುತ್ತೇವೆ, ಹುಲಿಯ ಹಸಿವಿನ ಮಾತೇ ಬರುವುದಿಲ್ಲ.

ಹಾಗೆಂದು ಚಿತ್ರದಲ್ಲಿ ತಪ್ಪೇ ಇಲ್ಲವೆಂದಲ್ಲ. ಸೊರಬಕ್ಕೆ ವರ್ಗವಾದ ಮೇಲೆ ಅದನ್ನು ಮತ್ತೆ ತೋರಿಸಿದೆ, ಈ ಸಲ ಪೂರ್ತಿ. ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಶಾಲೆ ಬಿಟ್ಟು ಮೋಜಿನ ದ್ವೀಪಕ್ಕೆ ಹೋದ ಹುಡುಗರೆಲ್ಲ ಕತ್ತೆಗಳಾಗುತ್ತಾರೆ. ನಾಯಕನೊಬ್ಬ ಕತ್ತೆಯ ಕಿವಿ, ಬಾಲದೊಂದಿಗೆ ತಪ್ಪಿಸಿಕೊಂಡು ಬರುತ್ತಾನೆ. ಕೊನೆಯಲ್ಲಿ ಅವನು ನಿಜವಾದ ಹುಡುಗನಾದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬ ಮಾತ್ರ ಎದ್ದು ನಿಂತ.

"ಉಳಿದ ಕತ್ತೆಗಳು ಮನೆಗೆ ಹೋದವಾ ಟೀಚರ್?"

ಚಿತ್ರದಲ್ಲಿ ಅದಕ್ಕೆ ಉತ್ತರವಿಲ್ಲ. ಇಲ್ಲ ಕಣಪ್ಪ ಎಂದೆ. ಅವತ್ತು ಗಣಿತದ ಪಾಠ ಆಗಲಿಲ್ಲ. ಅವರನ್ನು ಕರೆತರುವುದು ಹೇಗೆಂದು ಮಕ್ಕಳು ಗಂಟೆ ಹೊಡೆಯುವವರೆಗೂ ಮಾತಾಡಿದರು.