ಬೇಡ ಎನ್ನುವವರಿಲ್ಲದ ಕೋಣೆ

‘ಸೇಂಟ್ ಆಂಗರ್’ ಹೆಸರೆತ್ತಿದರೆ ಸಾಕು, ಮೆಟಲ್ ಬ್ಯಾಂಡ್ ಮೆಟಾಲಿಕಾದ ಅಭಿಮಾನಿಗಳು ಮೊದಲು ನಗುತ್ತಾರೆ. ಆಮೇಲೆ ಕೈಗೆ ಸಿಕ್ಕ ಸ್ಟೀಲ್ ಲೋಟವನ್ನೋ ಪಾತ್ರೆಯನ್ನೋ ‘ಟಣ್ ಟಣ್’ ಎಂದು ಕುಟ್ಟಿ ತೋರಿಸುತ್ತಾರೆ. 2003ರ ಜೂನ್‌ನಲ್ಲಿ ಬಂದ ಆ ಆಲ್ಬಮ್‌ನ ಡ್ರಮ್ ಸದ್ದು ಇಪ್ಪತ್ತು ವರ್ಷ ದಾಟಿದರೂ ಗೇಲಿಯಿಂದ ತಪ್ಪಿಸಿಕೊಂಡಿಲ್ಲ. ಸ್ನೇರ್ ಡ್ರಮ್ಮಿನ ಕೆಳಮುಚ್ಚಿಗೆಗೆ ತಾಗಿಕೊಂಡು ತೆಳು ತಂತಿಗಳ ಒಂದು ಸಾಲಿರುತ್ತದೆ. ತಂಬೂರಿಗೆ ಜೀವಾಳದ ದಾರ ಇದ್ದಂತೆ. ಏಟಿಗೆ ಆ ‘ಚರ್’ ಎನ್ನುವ ತುಂಬು ಬರುವುದು ಅದರಿಂದ. ಬ್ಯಾಂಡಿನ ಡ್ರಮ್ಮರ್ ಲಾರ್ಸ್ ಉಲ್ರಿಕ್ ಅದನ್ನು ಸಡಿಲಿಸಿಟ್ಟೇ ಬಾರಿಸಿದ. ಉಳಿದದ್ದು ಬರೀ ಲೋಹದ ಮೊಳಗು.

ನಗುವವರ ಕಿವಿ ತಪ್ಪೇನಲ್ಲ. ಆದರೆ ಇಡೀ ಆಲ್ಬಮ್ಮಿನ ಪಾಪವನ್ನು ಒಂದು ಡಬ್ಬದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸೋಮಾರಿತನ. ನನ್ನ ಮಟ್ಟಿಗೆ ಆ ಸದ್ದೇ ಇದರಲ್ಲಿ ಅತಿ ಪ್ರಾಮಾಣಿಕವಾದದ್ದು. ಕೆಟ್ಟಿರುವುದು ಬೇರೆ ಕಡೆ, ಯಾರೂ ಕತ್ತರಿ ಕೈಗೆತ್ತಿಕೊಳ್ಳದ ಕಡೆ.

ಅದು ಯಾಕೆ ಹಾಗಾಯಿತು ಎನ್ನುವುದಕ್ಕೆ ನಾವು ಊಹೆ ಮಾಡಬೇಕಿಲ್ಲ, ಸಿನಿಮಾವೇ ಇದೆ. 2001ರ ಜನವರಿಯಲ್ಲಿ ಬೇಸ್ ವಾದಕ ಜೇಸನ್ ನ್ಯೂಸ್ಟೆಡ್ ಬ್ಯಾಂಡ್ ಬಿಟ್ಟ. ಅದೇ ವರ್ಷದ ನಡುವೆ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಕುಡಿತ ಬಿಡಲು ಚಿಕಿತ್ಸೆಗೆ ಹೋದವನು ತಿಂಗಳುಗಟ್ಟಲೆ ಸ್ಟುಡಿಯೊ ಕಡೆ ತಲೆ ಹಾಕಲಿಲ್ಲ. ಒಡೆದ ಮನೆಯನ್ನು ಕೂಡಿಸಲು ತಿಂಗಳಿಗೆ 40,000 ಡಾಲರ್ ಕೊಟ್ಟು ಒಬ್ಬ ಚಿಕಿತ್ಸಕನನ್ನು ಇಟ್ಟುಕೊಂಡರು. ಜೋ ಬರ್ಲಿಂಜರ್ ಮತ್ತು ಬ್ರೂಸ್ ಸಿನೋಫ್ಸ್ಕಿ ಇದನ್ನೆಲ್ಲ ಚಿತ್ರೀಕರಿಸಿ 2004ರಲ್ಲಿ ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಮರಳಿ ಬಂದ ಹೆಟ್‌ಫೀಲ್ಡ್ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮಾತ್ರ ಕೆಲಸ ಎನ್ನುತ್ತಾನೆ. ತಾನಿಲ್ಲದಾಗ ಉಳಿದವರು ಧ್ವನಿಮುದ್ರಣವನ್ನು ಕೇಳಲೂಬಾರದು ಎನ್ನುತ್ತಾನೆ. ಹಿಂದೆ ಸಾಹಿತ್ಯವೆಂದರೆ ಅವನೊಬ್ಬನ ಸೊತ್ತಾಗಿತ್ತು. ಈಗ ಎಲ್ಲರೂ ಕಾಗದ ಹಿಡಿದು ಸಾಲು ಬರೆಯುತ್ತಾರೆ, ಎಲ್ಲರ ಸಾಲಿಗೂ ಸಮಾನ ಗೌರವ. ಮನೆ ಉಳಿಯಬೇಕಾದರೆ ಇದು ಒಳ್ಳೆಯದೇ ಇರಬಹುದು. ಹಾಡಿಗೆ ಮಾತ್ರ ಇದು ಒಗ್ಗಲಿಲ್ಲ. ಇನ್ನೊಬ್ಬನ ಮನಸ್ಸು ನೋಯದಂತೆ ನಡೆದುಕೊಳ್ಳುವ ನಾಲ್ಕು ಜನ ಸೇರಿದರೆ ‘ಇದು ಬೇಡ’ ಎನ್ನುವವರು ಯಾರು?

ಸಿನಿಮಾದಲ್ಲಿ ಹಾಗೆ ಅನ್ನುವವನು ಒಬ್ಬನೇ. ಲಾರ್ಸ್‌ನ ತಂದೆ ಟೋರ್ಬೆನ್ ಉಲ್ರಿಕ್, ಡೆನ್ಮಾರ್ಕಿನ ಹಳೆಯ ಟೆನಿಸ್ ಆಟಗಾರ, ಉದ್ದ ಬಿಳಿ ಗಡ್ಡದ ಮುದುಕ. ಮಗ ಹೆಮ್ಮೆಯಿಂದ ಒಂದು ತುಣುಕು ಕೇಳಿಸುತ್ತಾನೆ. ಮುದುಕ ಕೇಳಿಸಿಕೊಂಡು, ನನ್ನನ್ನು ಕೇಳಿದರೆ ಇದನ್ನು ಅಳಿಸಿಬಿಡು ಎನ್ನುತ್ತಾನೆ, ದನಿ ಏರಿಸದೆ, ಮುಲಾಜಿಲ್ಲದೆ. ಮಗನ ಮುಖ ನೋಡಬೇಕು! ಆ ಮುದುಕನನ್ನು ಇನ್ನೊಂದು ತಿಂಗಳು ಅಲ್ಲೇ ಕೂರಿಸಿಕೊಂಡಿದ್ದರೆ ಆಲ್ಬಮ್ ಬೇರೆಯೇ ಆಗುತ್ತಿತ್ತು ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ.

ಹನ್ನೊಂದು ಹಾಡು, 75 ನಿಮಿಷ. ಉದ್ದವೇ ತಪ್ಪಲ್ಲ, 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಶೀರ್ಷಿಕೆ ಹಾಡು ಎಂಟು ನಿಮಿಷ ಮೀರುತ್ತದೆ, ಆದರೆ ಅದು ಹೊರಟ ಊರಿನಿಂದ ಇನ್ನೊಂದು ಊರು ಮುಟ್ಟಿ ವಾಪಸು ಬರುತ್ತದೆ. ಇಲ್ಲಿಯವು ನಿಂತಲ್ಲೇ ಸುತ್ತುತ್ತವೆ. ಗಂಟೆಗಟ್ಟಲೆ ಬಾರಿಸಿದ್ದರಿಂದ ತುಂಡುಗಳನ್ನು ಆರಿಸಿ, ಕಂಪ್ಯೂಟರಿನಲ್ಲಿ ಒಂದರ ಪಕ್ಕ ಒಂದು ಅಂಟಿಸಿ ಕಟ್ಟಿದ ಹಾಡುಗಳಿವು, ಹೊಲಿಗೆ ಕಾಣುತ್ತದೆ. ‘ಇನ್ವಿಸಿಬಲ್ ಕಿಡ್’ ಎರಡನೇ ನಿಮಿಷಕ್ಕೆ ಹೇಳಿ ಮುಗಿಸಿದ್ದನ್ನು ಎಂಟರವರೆಗೆ ಹೇಳುತ್ತಲೇ ಇರುತ್ತದೆ. ‘ಶೂಟ್ ಮಿ ಅಗೇನ್’ ಬಗ್ಗೆ ಏನೂ ಹೇಳದಿರುವುದೇ ವಾಸಿ. ಆದರೆ ‘ಫ್ರ್ಯಾಂಟಿಕ್’ ಬಾಗಿಲು ಒದ್ದುಕೊಂಡೇ ಒಳಬರುತ್ತದೆ. ‘ದಿ ಅನ್‌ನೇಮ್ಡ್ ಫೀಲಿಂಗ್’ನಲ್ಲಿ ಎದೆ ಹಿಂಡುವ ದಿಗಿಲಿಗೆ ಹೆಟ್‌ಫೀಲ್ಡ್‌ನ ಒಡೆದ ಗಂಟಲು ಸರಿಯಾಗಿ ಕೂಡಿಕೊಂಡಿದೆ, ಅಲ್ಲಿ ಆ ಬೋಳು ಡ್ರಮ್ ಇಲ್ಲದಿದ್ದರೆ ಹಾಡೇ ಸುಳ್ಳಾಗುತ್ತಿತ್ತು. ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ ಹಾಡಿನ ಕತೆ ಇನ್ನೂ ಸ್ವಾರಸ್ಯದ್ದು. ಮೂಲದಲ್ಲಿ ಎಂಟು ನಿಮಿಷ ದಾಟುವ ಅದನ್ನು ಮರುವರ್ಷ ಸುಮಾರು ಅರ್ಧಕ್ಕೆ ಕತ್ತರಿಸಿ ಮತ್ತೆ ಹೊರತಂದರು. ಎರಡನ್ನೂ ಕೇಳಿ ನೋಡಿ, ಕಳೆದುಹೋದದ್ದು ಏನೆಂದು ಹುಡುಕಿದರೂ ಸಿಗದು.

ಗಿಟಾರ್ ಸೋಲೋ ಒಂದೂ ಇಲ್ಲ ಎನ್ನುವುದು ಇನ್ನೊಂದು ದೊಡ್ಡ ದೂರು. ಆಗ ಚಾಲ್ತಿಯಲ್ಲಿದ್ದ ಹೊಸ ಹುಡುಗರ ಮೆಟಲ್‌ನಲ್ಲಿ ಸೋಲೋ ಹಳೇ ಫ್ಯಾಷನ್ ಎನಿಸಿಕೊಂಡಿತ್ತು. ಸೋಲೋ ಬಿಟ್ಟರೇ ಈ ಆಲ್ಬಮ್ಮಿಗೆ ಈ ಕಾಲದ ಮುದ್ರೆ ಬೀಳುತ್ತದೆ ಎಂದು ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಅಂದೇ ವಾದಿಸಿದ. ಅವನ ಮಾತು ನಡೆಯಲಿಲ್ಲ. ಅವನು ಹೇಳಿದಂತೆಯೇ ಆಯಿತು.

ಸ್ವಾಗತವಂತೂ ವಿಚಿತ್ರ. ಅಮೆರಿಕದ ಪಟ್ಟಿಯಲ್ಲಿ ನೇರವಾಗಿ ಮೊದಲನೇ ಸ್ಥಾನ, 2004ರಲ್ಲಿ ಶೀರ್ಷಿಕೆ ಹಾಡಿಗೆ ಗ್ರ್ಯಾಮಿ. ಅದೇ ಆಲ್ಬಮ್ಮಿಗೆ ಸಂಗೀತ ವಿಮರ್ಶೆಯ ಜಾಲತಾಣ ‘ಪಿಚ್‌ಫೋರ್ಕ್’ ಹತ್ತಕ್ಕೆ ಕೊಟ್ಟದ್ದು 0.8. ಎರಡೂ ಆಲ್ಬಮ್ಮಿಗೆ ಕೊಟ್ಟವೋ ಮೆಟಾಲಿಕಾ ಎಂಬ ಹೆಸರಿಗೆ ಕೊಟ್ಟವೋ ಎನ್ನುವ ಅನುಮಾನ ನನಗಿದೆ. ಗ್ರ್ಯಾಮಿಯಲ್ಲಿ ಹಿರಿತನಕ್ಕೆ ಹಾಕಿದ ನಮಸ್ಕಾರದ ವಾಸನೆ, 0.8ರಲ್ಲಿ, 2000ದಲ್ಲಿ ಪುಕ್ಕಟೆ ಹಾಡು ಹಂಚಿಕೆಯ ನ್ಯಾಪ್‌ಸ್ಟರ್ ಮೇಲೆ ಕೇಸು ಹಾಕಿದ ಶ್ರೀಮಂತ ಬ್ಯಾಂಡಿನ ಮೇಲಿದ್ದ ಸಿಟ್ಟಿನ ಬಡ್ಡಿ. ಕೆಲವು ಅಭಿಮಾನಿಗಳಂತೂ ಡ್ರಮ್ಮನ್ನು ತಾವೇ ಹೊಸದಾಗಿ ಬಾರಿಸಿ, ಇಡೀ ಆಲ್ಬಮ್ಮನ್ನು ‘ರಿಪೇರಿ’ ಮಾಡಿದರು. ಸದ್ದು ನುಣುಪಾಯಿತು, ಉದ್ದ ಹಾಗೇ ಉಳಿಯಿತು. ರೋಗ ಎಲ್ಲಿತ್ತೆಂದು ಗೊತ್ತಾಗಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬ್ಯಾಂಡ್ ಕೂಡ ಮೆಲ್ಲನೆ ದೂರ ಸರಿಯಿತು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಎಂಬತ್ತರ ದಶಕದ ಹಾಡುಗಳಿದ್ದವು, 2008ರ ‘ಡೆತ್ ಮ್ಯಾಗ್ನೆಟಿಕ್’ನವೂ ಇದ್ದವು, ‘ಸೇಂಟ್ ಆಂಗರ್’ನದ್ದು ಒಂದೂ ಇರಲಿಲ್ಲ. ಆ ಮೈದಾನದಲ್ಲಿ ಅದು ಬೇಕೆಂದು ಕೇಳಿದವರೂ ಇರಲಾರರು.

ಆದರೂ ಒಂದು ಹಾಡು ಹಟ ಬಿಡಲಿಲ್ಲ. ಆಲ್ಬಮ್ಮಿನ ಕೊನೆಯದು, ‘ಆಲ್ ವಿದಿನ್ ಮೈ ಹ್ಯಾಂಡ್ಸ್’. ಮೂಲದಲ್ಲಿ ಅದು ಕಿರುಚಾಟದಲ್ಲಿ ಮುಗಿಯುವ, ಕೇಳಿ ಮುಗಿಸುವುದೇ ಸಾಹಸವಾದ ಎಂಟು ಚಿಲ್ಲರೆ ನಿಮಿಷ. 2007ರಲ್ಲಿ ಒಂದು ಸಹಾಯಾರ್ಥ ಕಛೇರಿಗೆ ಅದನ್ನು ಅಕೂಸ್ಟಿಕ್ ಗಿಟಾರ್‌ಗಳಲ್ಲಿ ನುಡಿಸಿದರು. 2017ರಲ್ಲಿ ತಮ್ಮ ದತ್ತಿ ಸಂಸ್ಥೆಗೆ ಅದರ ಹೆಸರನ್ನೇ ಇಟ್ಟರು. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿ ಜೊತೆಗಿನ ಕಛೇರಿಯಲ್ಲಿ ಮತ್ತೆ ಅದೇ, ಇನ್ನಷ್ಟು ತಗ್ಗಿದ ದನಿಯಲ್ಲಿ. ಅಬ್ಬರ ಕಳಚಿಬಿದ್ದಾಗ, ಅಷ್ಟು ವರ್ಷ ಅಡಿಯಲ್ಲಿ ಅಡಗಿದ್ದ ಒಂದು ಅಚ್ಚುಕಟ್ಟಾದ ರಾಗ ಮೇಲೆ ಬರುತ್ತದೆ, ತನ್ನನ್ನು ಪ್ರೀತಿಸುವವರನ್ನು ಹಿಡಿದು ಹಿಡಿದು ಉಸಿರುಗಟ್ಟಿಸುವ ಒಬ್ಬನ ರಾಗ.